ನಿನ್ನ ಅಕ್ಕನ ಕಿಡ್ನಿ ವಿಚಾರ

ದೋಸ್ತ,

ನಿನ್ನ ಮೆಸೇಜನ್ನು ರಾತ್ರಿ ಎರಡು ಸಲ ಓದಿದೆ. ನಿಮ್ಮ ಅಣ್ಣನಿಗೆ ಡಯಾಲಿಸಿಸ್ ಶುರುವಾಗಿ ನಾಲ್ಕು ತಿಂಗಳು. ಶಹಾಬಾದಿನ ಅಕ್ಕ ಕಿಡ್ನಿ ಕೊಡಲು ಒಪ್ಪಿದ್ದಾಳೆ. ಮನೆಯವರೆಲ್ಲ ನಿರಾಳ, ನಿನಗೆ ಮಾತ್ರ ಸಮಾಧಾನ ಇಲ್ಲ. 'ಇದು ಸರಿನಾ ಹೇಳು' ಅಂದಿದ್ದೀಯ. ಫೋನಿನಲ್ಲಾದರೆ ನಾನು ಏನೋ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ತೆಗೆದು ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ ಅಂದಾಗ ನೀನು ಹೂಂ ಅಂದಿದ್ದೀಯ, ಆಮೇಲೆ ಬೈಯಬೇಡ.

ನಮ್ಮ ಸಣ್ಣ ಮಾಮನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಆಳಂದ ಕಡೆ ಅವನ ತೊಗರಿ ಹೊಲ. 2014ರಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ದಿನಕ್ಕೆ ಒಂದೇ ಲೀಟರ್ ನೀರು. ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದ, ಇಷ್ಟು ಮಧ್ಯಾಹ್ನದವರೆಗೆ, ಇಷ್ಟು ರಾತ್ರಿಗೆ ಅಂತ. ಬಾಯಿ ಒಣಗಿದರೆ ಐಸ್ ತುಂಡು ಚೀಪುತ್ತಿದ್ದ. ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಮೇಲೆ ಬೆರಳಿಟ್ಟರೆ ಜುಂ ಅನ್ನುತ್ತಿತ್ತು, ಒಳಗೆ ಜೀರುಂಡೆ ಕೂತ ಹಾಗೆ. ತೊಗರಿ ಬೆಳೆಯುವವನಿಗೆ ಬೇಳೆ ಅಳೆದು ತಿನ್ನು ಅಂದರು. ಅದಕ್ಕೇ ಜಾಸ್ತಿ ಸಿಟ್ಟು ಅವನಿಗೆ.

ಒಂದು ಭಾನುವಾರ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸೇರಿದರು. ಅಜ್ಜಿಗೆ ಶುಗರ್. ಅತ್ತೆಯ ರಕ್ತದ ಗುಂಪು ಬೇರೆ. ದೊಡ್ಡ ಮಾಮ 'ನಾ ದುಡಿಯಾಂವ, ನನಗೇನರ ಆದ್ರ ಮನಿ ಹ್ಯಾಂಗ' ಅಂದ. ಆಮೇಲೆ ಯಾರೂ ಮಾತಾಡಲಿಲ್ಲ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಮಾತ್ರ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಆ ಕಡೆ ಹೋಯಿತು. ಬಡಿಯುವುದನ್ನು ನಿಲ್ಲಿಸದೆ ಅವಳು 'ನಾ ಕೊಡ್ತೀನಿ ತಗೋರಿ' ಅಂದಳು. ಅವಳನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ನಿಜ.

ನಾನೂ ಅಲ್ಲೇ ಕೂತಿದ್ದೆ. ಇದು ನಿನಗೆ ಗೊತ್ತಿಲ್ಲದ ಅರ್ಧ. ನನಗಾಗ 25. ಮಾಮನದೂ ನನ್ನದೂ ಒಂದೇ ಗುಂಪು. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಹತ್ತಿರದ ಸಂಬಂಧಿಗಳ ಪಟ್ಟಿ ಇದೆ: ಗಂಡ ಹೆಂಡತಿ, ಅಪ್ಪ ಅವ್ವ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಅಕ್ಕನ ಮಗ ಅದರಲ್ಲಿಲ್ಲ. ಹಿಂದಿನ ರಾತ್ರಿಯೇ ಇದನ್ನು ಹುಡುಕಿ ಓದಿಕೊಂಡಿದ್ದೆ. ಪ್ರೀತಿಯಿಂದ ಕೊಡುತ್ತೇನೆ ಅನ್ನುವವರು ಸಮಿತಿಯ ಮುಂದೆ ಹೋಗಿ ಒಪ್ಪಿಗೆ ಪಡೆಯಬಹುದು ಅಂತ ಅದೇ ಪುಟದಲ್ಲಿತ್ತು. ಆ ಸಾಲನ್ನು ಪಡಸಾಲೆಯಲ್ಲಿ ಯಾರಿಗೂ ಹೇಳಲಿಲ್ಲ.

2015ರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಅಲ್ಲಿ ಒಬ್ಬ ಡಾಕ್ಟರಮ್ಮ ನಮ್ಮನ್ನೆಲ್ಲ ಹೊರಗೆ ಕಳಿಸಿ ಅವ್ವನನ್ನು ಒಬ್ಬಳನ್ನೇ ಕೂರಿಸಿಕೊಂಡರು. ದಾನಿ ಹೆಂಗಸಾದರೆ ಇನ್ನೂ ಹುಷಾರಾಗಿರಬೇಕು, ಅವಳದು ಸ್ವಂತ ಒಪ್ಪಿಗೆ ಹೌದೋ ಅಲ್ಲವೋ ಅಂತ ಕಿಡ್ನಿ ಪಡೆಯುವವನನ್ನು ಬಿಟ್ಟು ಬೇರೆಯವರಿಂದ ಖಾತ್ರಿ ಮಾಡಿಕೊಳ್ಳಬೇಕು ಅಂತ 2014ರ ನಿಯಮಗಳೇ ಹೇಳುತ್ತವೆ. ಒಳಗೆ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ. ಎಂಟು ವರ್ಷ ಆದಮೇಲೆ ಅವಳೇ ಹೇಳಿದಳು.

'ಒಲ್ಲೆ ಅಂದ್ರ ಕಿಡ್ನಿ ಕೂಡೋದಿಲ್ಲಂತ ನಾವೇ ಹೇಳ್ತೀವಿ, ಯಾರಿಗೂ ಗೊತ್ತಾಗೂದಿಲ್ಲ ಅಂದ್ರು. ಬಾಯಿತನಕ ಬಂದಿತ್ತು ನೋಡು.'

'ಮತ್ತ ಯಾಕ ಅನ್ನಲಿಲ್ಲ?'

'ಪಂಚಮಿಗೆ ಕರ್ಯಾಕ ಯಾರ್ ಬರ್ತಿದ್ರು?'

ಹಾಗಾದರೆ ಅದು ಪ್ರೀತಿ ಅಲ್ಲವಾ? ಪ್ರೀತಿಯೇ. ತವರು ತಪ್ಪೀತು ಅನ್ನೋ ಅಂಜಿಕೆಯೂ ಹೌದು. ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ ಇವನ್ನು ಬೇರೆ ಮಾಡಲು ನನಗಂತೂ ಬರುವುದಿಲ್ಲ. ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆಪರೇಷನ್ ಆಗಿ ವಾಪಸ್ ಬಂದ ಮೇಲೆ ಮಾಮ ನಮ್ಮ ಅಂಗಳದಲ್ಲಿ ನಿಂತು ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಕಿಡ್ನಿ ಎಂಟು ವರ್ಷ ನಡೆಯಿತು.

ಜಗತ್ತಿನಲ್ಲಿ ಮೊದಲು ಸರಿಯಾಗಿ ಕೂತ ಕಿಡ್ನಿ ಕಸಿ ಆದದ್ದು 1954ರ ಡಿಸೆಂಬರ್ 23ಕ್ಕೆ, ಅಮೆರಿಕದ ಬಾಸ್ಟನ್ನಿನಲ್ಲಿ. ರೊನಾಲ್ಡ್ ಹೆರಿಕ್ ತನ್ನ ಅವಳಿ ರಿಚರ್ಡ್‌ಗೆ ಕೊಟ್ಟ. ಆಪರೇಷನ್ ಮಾಡಿದ ಜೋಸೆಫ್ ಮರ್ರಿಗೆ 1990ರಲ್ಲಿ ನೊಬೆಲ್ ಬಂತು. ನನಗೆ ಹಿಡಿಸಿದ್ದು ಅದಲ್ಲ. ಹಿಂದಿನ ರಾತ್ರಿ ರಿಚರ್ಡ್ ಒಂದು ಚೀಟಿ ಕಳಿಸಿದ್ದನಂತೆ, ಸುಮ್ನೆ ಮನೆಗೆ ಹೋಗು ಅಂತ. ನಾ ಇಲ್ಲೇ ಇರ್ತೀನಿ ಅಂತ ರೊನಾಲ್ಡ್ ಉತ್ತರ ಕೊಟ್ಟ. ಸಾಯುತ್ತಿರುವವನೇ ಅಂಥ ಚೀಟಿ ಬರೆದ, ನೋಡು. ನಮ್ಮ ಮಾಮ ಒಳ್ಳೆಯವನು, ಆದರೆ ಅವ್ವನಿಗೆ ಒಂದು ಸಲವೂ 'ಬ್ಯಾಡ ಬಿಡಕ್ಕ' ಅನ್ನಲಿಲ್ಲ. ನಿಮ್ಮ ಅಣ್ಣ ಅಂದಿದ್ದಾನಾ? ನೀನು ಹೇಳಿಸಿದರೆ ನಡೆಯುವುದಿಲ್ಲ, ಅವನೇ ಅನ್ನಬೇಕು.

ಡಾಕ್ಟರು ಹೇಳುವ ಆ ಸುಳ್ಳು ಸರಿನಾ ಅಂತ ನೀನು ಕೇಳುತ್ತೀಯ, ನಿನ್ನ ಸ್ವಭಾವ ಗೊತ್ತು. ನೇರವಾಗಿ ಸುಳ್ಳು ಹೇಳದೆ, 'ಈ ದಾನಿ ಆಗೋದಿಲ್ಲ' ಅಂತಷ್ಟೇ ಹೇಳಿ ನಿಲ್ಲಿಸಿದರೆ ಸಾಕು ಅಂತ ನನಗನಿಸುತ್ತದೆ. ಇನ್ನು ಮುಂದೆ ಅದೇ ಮನೆಯಲ್ಲಿ ಉಣ್ಣಬೇಕಾದವಳು ಅವಳು.

ಅಪಾಯ ಕಡಿಮೆ, ಒಪ್ಪುತ್ತೇನೆ. 1994ರಿಂದ 2009ರವರೆಗಿನ ಅಮೆರಿಕದ ದಾನಿಗಳ ಲೆಕ್ಕದಲ್ಲಿ 10,000 ಜನರಲ್ಲಿ ಸುಮಾರು 3 ಜನ ಆಪರೇಷನ್ ಆದ ಮೂರು ತಿಂಗಳೊಳಗೆ ತೀರಿಕೊಂಡಿದ್ದರು. ಆದರೆ ಅಕ್ಕ ಬ್ಲೌಸ್ ಹೊಲಿದು ಬದುಕುವವಳು. ಕೆಲವು ವಾರ ಮಷಿನ್ ತುಳಿಯಲು ಆಗುವುದಿಲ್ಲ. ಆ ಗಳಿಕೆ ಲೆಕ್ಕ ಹಾಕಿ ಕೊಡಿ. ಹಣ ಕೊಟ್ಟರೆ ಮಾರಿದ ಹಾಗೆ ಅಂತ ನಿಮ್ಮ ಕಾಕಾ ಅಂದೇ ಅನ್ನುತ್ತಾರೆ. ಕಿಡ್ನಿ ಮಾರುವುದು ಅಪರಾಧ, 10 ವರ್ಷದವರೆಗೆ ಜೈಲು. ದಾನಿಯ ಖರ್ಚು, ತಪ್ಪಿದ ಕೂಲಿ ತುಂಬಿಕೊಡುವುದನ್ನು ಅದೇ ಕಾಯ್ದೆ ಬಿಟ್ಟಿದೆ.

ನಿಮ್ಮ ಅಣ್ಣನ ಹೆಂಡತಿ, ವೈನಿ, ತಾವೇ ಕೊಡುತ್ತೇನೆ ಅಂದಿದ್ದರು, ಗುಂಪು ಕೂಡಲಿಲ್ಲ ಅಂತ ಬರೆದಿದ್ದೀಯಲ್ಲ. ಅದಲುಬದಲು ಕಸಿ ಬಗ್ಗೆ ವಿಚಾರಿಸು. ಇಂಥದೇ ತೊಂದರೆಯ ಇನ್ನೊಂದು ಮನೆಯ ದಾನಿ ಇವರಿಗೆ, ವೈನಿ ಅವರಿಗೆ. 2011ರಿಂದ ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಅತ್ತೆಯ ವಿಷಯದಲ್ಲಿ ಇದನ್ನು ಯಾರೂ ಕೇಳಲೇ ಇಲ್ಲ.

ಇನ್ನೊಂದು. ನಿನ್ನ ಉದ್ದನೆಯ ಮೆಸೇಜಿನಲ್ಲಿ ಎಲ್ಲರ ರಿಪೋರ್ಟ್ ಇದೆ. ನಿನ್ನದು ಇಲ್ಲ. ನೀನು ಪಟ್ಟಿಯಲ್ಲಿರುವ ಸಂಬಂಧಿ, ನನ್ನ ಹಾಗೆ ತಪ್ಪಿಸಿಕೊಳ್ಳಲು ನಿನಗೆ ಕಾನೂನೂ ಇಲ್ಲ. ಕೊಡು ಅಂತ ಹೇಳುತ್ತಿಲ್ಲ. ಟೆಸ್ಟ್ ಮಾಡಿಸಿದ ಮೇಲೆ ಅಕ್ಕನ ಹತ್ತಿರ ಕೂತು ಮಾತಾಡು.

ಅವ್ವನಿಗೆ ವರ್ಷಕ್ಕೊಂದು ಸಲ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯೇಟಿನಿನ್ ರಕ್ತಪರೀಕ್ಷೆ, ಬಿಪಿ ನೋಡಿಸಬೇಕು. ಮಾಮ ಇರುವತನಕ ಮನೆಯಲ್ಲಿ ಅವನ ರಿಪೋರ್ಟಿನದೇ ಮಾತು, ಅವಳದನ್ನು ಮೂರು ವರ್ಷ ಮರೆತಿದ್ದೆವು. ಈಗ ನಾನೇ ಕರೆದುಕೊಂಡು ಹೋಗುತ್ತೇನೆ. ಸೋಮವಾರ ಬೆಳಿಗ್ಗೆ ಹೊರಟಿದ್ದೇವೆ. ಮಧ್ಯಾಹ್ನದ ಮೇಲೆ ಫೋನ್ ಮಾಡು.

ನಿನ್ನ ದೋಸ್ತ