ಭಾನುವಾರದ ಡ್ರೈವ್: ಓಪನ್ ಟಾಪ್‌ನವ್ರು ಓದ್ಲೇಬೇಕು

ಎಲ್ರಿಗೂ ನಮಸ್ಕಾರ. ಭಾನುವಾರ ನಮ್ಮ ಹಳೇ ಕಾರುಗಳ ಡ್ರೈವ್, ಬೆಳಿಗ್ಗೆ 6ಕ್ಕೇ ಹೊರಡೋದು, ಬಿಡದಿಲಿ ತಟ್ಟೆ ಇಡ್ಲಿ, ಅಲ್ಲಿಂದ ಸೀದಾ ಶ್ರೀರಂಗಪಟ್ಟಣದ ಹತ್ರ ಪಯಣ ಕಾರ್ ಮ್ಯೂಸಿಯಂ. ಈ ಸಲ ಬಟ್ಟೆ ಟಾಪ್ ಮಡಚಿ ಇಳಿಸೋ ಓಪನ್ ಕಾರುಗಳೇ ಮುಂದೆ, ಅಂಬಾಸಿಡರ್ ಫಿಯಟ್‌ನವ್ರು ಬೇಜಾರಾಗ್ಬೇಡಿ, ಟಾಪ್ ಇಳಿಸಿರೋ ಮಾರಿಸ್ ಮೈನರ್ ಹಿಂದೆ ಹೋಗೋ ಮಜಾನೇ ಬೇರೆ.

ಟಾಪ್ ಒದ್ದೆ ಇದ್ರೆ ದಯವಿಟ್ಟು ಮಡಚ್ಬೇಡಿ ಬೂಷ್ಟು ಹಿಡಿಯತ್ತೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಮೇಲೆ ಒಂದು ಹಳೇ ಕಾಟನ್ ಪಂಚೆ ಹಾಕಿ ಮಡಚಿ, ಇಲ್ಲಾಂದ್ರೆ ಗೀರು ಬಿದ್ದು ಮಬ್ಬಾಗೋಗತ್ತೆ. ಎಂಜಿ ಟಿಡಿ ಥರದ ಹಳೇ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪ್ಲಸ್ ಕಾರಿನ ಲೋಹದ ಮೈಗೆ ಸೇರಿರತ್ತೆ, ಹೊಸ ಕಾರಲ್ಲಿ ಇದು ಉಲ್ಟಾ, ಅದ್ಕೆ ಬ್ಯಾಟರಿ ಡೌನ್ ಆದ್ರೆ ದಾರಿಲಿ ಯಾರೋ ಹೊಸ ಕಾರಿಂದ ಕೇಬಲ್ ಹಾಕಿ ಜಂಪ್ ಸ್ಟಾರ್ಟ್ ಕೊಡ್ತೀನಿ ಅಂದ್ರೂ ಬೇಡ ಅನ್ನಿ, ತಳ್ಳೋಕೆ ನಾವಿದೀವಲ್ಲ.

ಈಗ ಬಂಕಲ್ಲಿ ಹೆಚ್ಚುಕಮ್ಮಿ ಎಲ್ಲಾ ಇ20, ಅಂದ್ರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಎಥನಾಲ್‌ಗೆ ಹಳೇ ರಬ್ಬರ್ ಪೈಪ್ ತಡೆಯಲ್ಲ, ಬಾನೆಟ್ ಎತ್ತಿ ಮೂಸಿ ನೋಡಿ, ಪೆಟ್ರೋಲ್ ವಾಸ್ನೆ ಬಂದ್ರೆ ಪೈಪ್ ಬದಲಾಯ್ಸಿ ಬನ್ನಿ.

ವಿಎ ನಂಬರ್ (ವಿಂಟೇಜ್ ಅಂತ ನೋಂದಣಿ ಆಗಿರೋ) ಗಾಡಿ ದಿನಾ ಓಡ್ಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕ್ಸೋದು, ರಿಪೇರಿ ಇಂಥದಕ್ಕೆ ಮಾತ್ರ, ಅದ್ಕೆ ಪೇಪರ್ಸ್ ಜೊತೇಲಿರ್ಲಿ.

ಬರೋರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಕಾರು, ಜನ ಎಷ್ಟು ಅಂತ ಹಾಕಿ, ಬರೀ ಥಂಬ್ಸ್ ಅಪ್ ಒತ್ತಿ ಸುಮ್ನಾಗ್ಬೇಡಿ.