ಪುಟ್ಟಿಗೆ, ಎಣ್ಣೆ ಹಚ್ಚುವ ಮೊದಲು

ಪ್ರೀತಿಯ ಪುಟ್ಟಿ,

ಭಾನುವಾರ ಡೊಂಬಿವಲಿಗೆ ಬಂದಾಗ ನೀನು ಊಟಕ್ಕೆ ಕೂತಲ್ಲೂ ಪೆನ್ನಿನ ತುದಿಯಿಂದ ತಲೆ ಕೆರೆಯುತ್ತಿದ್ದೆ. ಇನ್ನೊಂದು ಕೈಯಲ್ಲಿ ಆಫೀಸಿನ ಮೆಸೇಜು. ಕಪ್ಪು ಕುರ್ತಾದ ಹೆಗಲ ಮೇಲೆಲ್ಲ ಬಿಳಿ ಹೊಟ್ಟು. ನಿನ್ನಮ್ಮ "ದಿನಾ ಎಣ್ಣೆ ಹಚ್ಚು" ಅಂದಳು. ಅವಳೆದುರು ನಾನು ಸುಮ್ಮನಿದ್ದೆ, ಅದಕ್ಕೇ ಈ ಪತ್ರ. ಎಣ್ಣೆ ಹಚ್ಚಬೇಡ.

ನನಗೂ ಇದು ಬಂದಿತ್ತು. ಬ್ಯಾಂಕಿನಲ್ಲಿ ಮಾರ್ಚ್ ಲೆಕ್ಕ ಮುಗಿಸುವ ಹೊತ್ತಿಗೇ ಸರಿಯಾಗಿ. ಬೆಳಗಿನ ಫಾಸ್ಟ್ ಲೋಕಲ್ ರೈಲು ತಪ್ಪಬಾರದು ಅಂತ ಒದ್ದೆ ಕೂದಲನ್ನೇ ತುರುಬು ಕಟ್ಟಿ ಓಡುತ್ತಿದ್ದೆ. ರಾತ್ರಿ ಕೊಬ್ಬರಿ ಎಣ್ಣೆಗೆ ನಿಂಬೆರಸ ಬೆರೆಸಿ ತಿಕ್ಕಿದ್ದೇ ತಿಕ್ಕಿದ್ದು. ಉರಿ ಅಂದರೆ ಉರಿ! ಕೆರೆದು ಗಾಯ ಬೇರೆ. ಕೊನೆಗೆ ಮಾಟುಂಗದಲ್ಲಿ ನಮ್ಮ ಕಡೆಯ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ತಲೆ ನೋಡುವ ಮೊದಲೇ ಕೇಳಿದ್ದು, "ನಿದ್ದೆ ಸರಿ ಬರ್ತದಾ?"

ಮಲಸೇಜಿಯಾ ಅನ್ನೋ ಯೀಸ್ಟ್, ಅಂದರೆ ಕಣ್ಣಿಗೆ ಕಾಣದ ಶಿಲೀಂಧ್ರ, ಎಲ್ಲರ ತಲೆಯಲ್ಲೂ ಇರುತ್ತದಂತೆ. ಜಿಡ್ಡೇ ಅದರ ಊಟ. ನಿದ್ದೆಗೆಟ್ಟು ಟೆನ್ಷನ್ ಜಾಸ್ತಿಯಾದರೆ ಕೆಲವರ ಚರ್ಮ ಅದನ್ನು ತಡೆದುಕೊಳ್ಳೋದಿಲ್ಲ, ಕೆಂಪಾಗಿ ಕಡಿಯುತ್ತದೆ. ಕೆರೆದಷ್ಟೂ ಕಡಿತ. ಕೊಳೆಯಿಂದ ಬಂದದ್ದಲ್ಲ, ನಾಚಿಕೊಳ್ಳಬೇಡ. ನಾನಂತೂ ದಿನಾ ರಾತ್ರಿ ಅದಕ್ಕೆ ಎಣ್ಣೆ ಬಡಿಸುತ್ತಿದ್ದೆ, ನೋಡು!

ಮೆಡಿಕಲ್‌ನಲ್ಲಿ ಆ ಯೀಸ್ಟ್ ತಗ್ಗಿಸುವ ಶೇ. 2ರ ಕೀಟೋಕೊನಜೋಲ್ ಶಾಂಪೂ ಕೇಳು. ವಾರಕ್ಕೆ 2 ಸಲ, 2ರಿಂದ 4 ವಾರ. ಕೂದಲಿಗಲ್ಲ, ಬುಡದ ಚರ್ಮಕ್ಕೆ ಬೆರಳ ತುದಿಯಿಂದ ಹಚ್ಚಬೇಕು, ಉಗುರು ತಾಗಿಸಬಾರದು. ಆಮೇಲೆ 3ರಿಂದ 5 ನಿಮಿಷ ಹಾಗೇ ಬಿಡು. ಲೋಕಲ್ ಒಂದು ಸ್ಟೇಷನ್ ದಾಟುವಷ್ಟು ಹೊತ್ತು, ಅಷ್ಟೇ. ನಿನಗೆ ಅದೇ ಕಷ್ಟ ಅಂತ ಗೊತ್ತು. ಹಚ್ಚಿದ ಕೂಡಲೇ ತೊಳೆದು, ಔಷಧಿ ನಾಟಲಿಲ್ಲ ಅನ್ನಬೇಡ. ನೀರು ಉಗುರುಬೆಚ್ಚಗಿರಲಿ. ಕೂದಲು ಒಣಗಿದ ಮೇಲೇ ಜಡೆ ಹಾಕು. ತಲೆ ಸುಮ್ಮನಾಗುವವರೆಗೆ ಬಣ್ಣಗಿಣ್ಣ ಬೇಡ.

ಕೀವು ಬಂದರೆ, ಕೂದಲು ಬಿಲ್ಲೆಬಿಲ್ಲೆಯಾಗಿ ಉದುರಿದರೆ, ಬೆಳ್ಳಿ ಬಣ್ಣದ ದಪ್ಪ ಪೊರೆ ಹಣೆಯವರೆಗೆ ಇಳಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅಂಥ ಪೊರೆ ಸೋರಿಯಾಸಿಸ್ ಅನ್ನೋ ಬೇರೆ ಚರ್ಮರೋಗ ಇರಬಹುದು. ಅಂಗಡಿಯವನು ಕೊಟ್ಟ ಸ್ಟೀರಾಯ್ಡ್ ಮುಲಾಮು ಮಾತ್ರ ಸುಮ್ನೆ ಹಚ್ಚಿಕೊಳ್ಳಬೇಡ.

ಕಡಿತ ಒಮ್ಮೆ ಹೋದರೂ ಮತ್ತೆ ಬರುತ್ತದೆ. ನನಗೆ ಮುಂದಿನ ಮಾರ್ಚ್‌ನಲ್ಲೂ ಬಂತು. ಆಗ ಶಾಂಪೂ ಬಾಟಲಿ ಮನೆಯಲ್ಲೇ ಇತ್ತು, ಹೆದರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನನ್ನು ಅಡುಗೆಮನೆಯಲ್ಲಿಟ್ಟು ಮಲಗು. ಬಾಸಿಗೆ ಬೆಳಿಗ್ಗೆ ಉತ್ತರ ಕೊಟ್ಟರಾಯಿತು, ಅಲ್ವಾ?

ಮುಂದಿನ ಭಾನುವಾರ ಬಾ. ನೀರ್‌ದೋಸೆ ಮಾಡುತ್ತೇನೆ, ಕೊಬ್ಬರಿ ಎಣ್ಣೆ ಕಾವಲಿಗೆ ಮಾತ್ರ.

ನಿನ್ನ ದೊಡ್ಡಮ್ಮ