ಗೋಡೆಯೊಳಗಿನ ಟಿವಿ ಕೇಬಲ್ ಕಿತ್ತೆಸೆಯಬೇಡಿ

ಮಾನ್ಯರೇ,

ಒಳಕೋಣೆಗೆ ವೈಫೈ ತಲುಪುವುದಿಲ್ಲವೆಂದು ಹೊಸ ವೈರಿಗಾಗಿ ಗೋಡೆ ಕೊರೆಸುವವರು ಮೊದಲು ಹಳೆಯ ಟಿವಿ ಪಾಯಿಂಟ್ ಬಿಚ್ಚಿ ನೋಡಲಿ. ಒಳಗೆ ಆರ್‌ಜಿ-6 ಕೇಬಲ್ (ಟಿವಿಗೆ ಬಳಸುವ ದುಂಡು ತಂತಿ) ಇದ್ದರೆ ಎರಡು ಮೋಕಾ 2.5 ಅಡಾಪ್ಟರ್ (ಟಿವಿ ಕೇಬಲ್ ಮೂಲಕ ಇಂಟರ್ನೆಟ್ ಸಾಗಿಸುವ ಪೆಟ್ಟಿಗೆ) ಸಾಕು. ಒಂದನ್ನು ರೂಟರಿನ ಲ್ಯಾನ್ ಪೋರ್ಟಿಗೂ ಪಕ್ಕದ ಕೇಬಲ್ ತುದಿಗೂ ಜೋಡಿಸಿ, ಇನ್ನೊಂದನ್ನು ಒಳಕೋಣೆಯ ತುದಿಗೆ ಹಾಕಿ, ಅದರಿಂದ ಕಂಪ್ಯೂಟರಿಗೋ ಇನ್ನೊಂದು ವೈಫೈ ಪೆಟ್ಟಿಗೆಗೋ ಲ್ಯಾನ್ ತಂತಿ ಕೊಡಿ. ಗರಿಷ್ಠ ವೇಗ ಸೆಕೆಂಡಿಗೆ 2.5 ಗಿಗಾಬಿಟ್.

ಕೈಕೊಡುವುದು ಬಹುತೇಕ ಸ್ಪ್ಲಿಟರ್, ಅಂದರೆ ಒಂದು ಕೇಬಲ್ಲನ್ನು ಹಲವಾಗಿ ಕವಲೊಡೆಸುವ ಬಿಡಿಭಾಗ. ಮೋಕಾ ಓಡುವುದು 1125ರಿಂದ 1675 ಮೆಗಾಹರ್ಟ್ಜ್‌ನಲ್ಲಿ. ಹಳೆಯ ಸ್ಪ್ಲಿಟರ್‌ಗಳ ಮೇಲೆ '5-1000' ಎಂದಿರುತ್ತದೆ, ಅಂದರೆ ಅವು 1000 ಮೆಗಾಹರ್ಟ್ಜ್‌ವರೆಗಷ್ಟೇ. '5-1675' ಎಂದಿರುವುದನ್ನೇ ಕೊಳ್ಳಿ, ಅದರ ಖಾಲಿ ಬಾಯಿಗೆ 75 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ಮುಚ್ಚುವ ಬಿರಡೆ) ಹಾಕಿ. ಎರಡೇ ತುದಿಗಳಿದ್ದರೆ ಸ್ಪ್ಲಿಟರೇ ಬೇಡ, ನೇರ ಜೋಡಣೆಯೇ ಮೇಲು. ನಡುವೆ ಟಿವಿ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಇದ್ದರೆ ತೆಗೆಯಿರಿ. ಕೇಬಲ್ ತುದಿಗೆ ಕೈಯಲ್ಲಿ ತಿರುಚಿ ಕೂರಿಸಿದ ಎಫ್ ಕನೆಕ್ಟರ್ (ಲೋಹದ ತಿರುಪಿನ ತಲೆ) ಸಡಿಲವಾದರೆ ವೇಗ ಕುಸಿಯುತ್ತದೆ. ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿಸಿ.

ಡಿಟಿಎಚ್ ಇರುವ ಮನೆಯವರು ವಿಶೇಷವಾಗಿ ಗಮನಿಸಬೇಕು. ಡಿಶ್‌ನಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಜ್, ಅಂದರೆ ಮೋಕಾದ ಜಾಗವೇ. ಒಂದೇ ತಂತಿಯಲ್ಲಿ ಎರಡೂ ಹೊಂದುವುದಿಲ್ಲ. ಡಿಶ್‌ಗೆ ಬೇರೆ ಕೇಬಲ್ ಬೇಕು. ಕೇಬಲ್ ಆಪರೇಟರ್‌ ಸಿಗ್ನಲ್ 1000ಕ್ಕಿಂತ ಕೆಳಗಿರುವುದರಿಂದ ತೊಂದರೆಯಿಲ್ಲ. ಆದರೆ ಆ ತಂತಿ ಮನೆಯೊಳಗೆ ಬರುವಲ್ಲಿ ಮೋಕಾ ಸಂಕೇತವನ್ನು ಹೊರಹೋಗದಂತೆ ತಡೆಯುವ ಮೋಕಾ ಫಿಲ್ಟರ್ ಹಾಕಲೇಬೇಕು, ಇಲ್ಲದಿದ್ದರೆ ನಿಮ್ಮ ಮನೆಯ ಸಂಕೇತ ಪಕ್ಕದ ಫ್ಲ್ಯಾಟಿಗೂ ಹರಿಯಬಹುದು. ಅಡಾಪ್ಟರಿನಲ್ಲಿ ಪಾಸ್‌ವರ್ಡ್ ಕೂಡ ಇಡಿ.

ಹೊಸ ಅಪಾರ್ಟ್‌ಮೆಂಟ್ ಕಟ್ಟುವವರು ಪ್ರತಿ ಕೋಣೆಯ ಕೇಬಲ್ಲನ್ನೂ ಬಿಡಿಬಿಡಿಯಾಗಿ ಒಂದೇ ಪೆಟ್ಟಿಗೆಗೆ ತಂದು ಬಿಡಲಿ, ಜೊತೆಗೆ ಖಾಲಿ ಪೈಪೊಂದನ್ನು ಹಾಕಲಿ.

– ಓದುಗ, ಮೈಸೂರು